ಉಚಿತ ಕನ್ನಡ ಫಾಂಟಿನಲ್ಲಿ ಲಗ್ನಪತ್ರಿಕೆ ಮಾಡಿ ಮಾರಬಹುದಾ?

ಧಾರಾಳವಾಗಿ ಮಾರಬಹುದು, ಫಾಂಟಿನ ಲೈಸೆನ್ಸ್ ನೋಡಿಕೊಂಡರೆ ಸಾಕು. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ 2 ಅನ್ನುವ ಫಾಂಟುಗಳೆರಡೂ ಓಪನ್ ಫಾಂಟ್ ಲೈಸೆನ್ಸ್ (ಓಎಫ್‌ಎಲ್) ಅಡಿ ಸಿಗುತ್ತವೆ. ಇವುಗಳಲ್ಲಿ ಪತ್ರಿಕೆ, ಬ್ಯಾನರ್, ಪುಸ್ತಕ ಏನೇ ಅಚ್ಚು ಹಾಕಿ ದುಡ್ಡು ತೆಗೆದುಕೊಳ್ಳಬಹುದು. ಯಾರ ಅನುಮತಿಯೂ ಬೇಡ. ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ, ಅಷ್ಟೇ. ಅಕ್ಷರ ತಿದ್ದಿ ಹೊಸ ಫಾಂಟ್ ಮಾಡಿ ಹಂಚಿದರೆ ಅದಕ್ಕೂ ಇದೇ ಲೈಸೆನ್ಸ್ ಇರಬೇಕು.

ಕನ್ನಡದ ಗುಣಿತ, ಒತ್ತಕ್ಷರ ಎಲ್ಲ ಸೇರಿಸಿ ಫಾಂಟ್ ಮಾಡುವುದು ಇಂಗ್ಲಿಷಿಗಿಂತ ಜಾಸ್ತಿ ಕೆಲಸ, ಅಲ್ವಾ? ಅದನ್ನು ಹೀಗೆ ಬಿಟ್ಟುಕೊಟ್ಟವರ ಮೇಲೆ ನನಗೆ ತುಂಬಾ ಗೌರವ.

ಆದರೆ ಸಿಕ್ಕ ಸೈಟಿನಲ್ಲಿ ‘ಫ್ರೀ’ ಅಂತ ಬರೆದಿದ್ದನ್ನು ಸುಮ್ನೆ ನಂಬಬೇಡಿ. ಎಷ್ಟೋ ಫಾಂಟುಗಳು ಸ್ವಂತ ಬಳಕೆಗೆ ಮಾತ್ರ ಉಚಿತ, ವ್ಯಾಪಾರಕ್ಕೆ ದುಡ್ಡು ಕೊಡಬೇಕು. ಡೌನ್‌ಲೋಡ್ ಮಾಡಿದ ಜಿಪ್ ಫೈಲ್ ಬಿಚ್ಚಿದಾಗ ಒಳಗೆ ಓಎಫ್‌ಎಲ್ ಅನ್ನುವ ಟೆಕ್ಸ್ಟ್ ಫೈಲ್ ಇದೆಯಾ ನೋಡಿ.