ಒಂದೇ ಅಳತೆಯ ಎರಡು ಬೇರಿಂಗ್

ಪ್ರಶ್ನೆ: ನನ್ನದು 2014ರಲ್ಲಿ ನೋಂದಣಿಯಾದ, ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಪೆಟ್ರೋಲ್ ಕಾರು. ಮುಂದಿನ ಎಡಚಕ್ರದಿಂದ ಗುಂಯ್‌ಗುಟ್ಟುವ ಸದ್ದು ಬರುತ್ತಿದ್ದುದರಿಂದ ಮೆಕ್ಯಾನಿಕ್ ವೀಲ್ ಬೇರಿಂಗ್ ತರಲು ಹೇಳಿದರು. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕಾರಿನ ಹೆಸರು, ಇಸವಿ ಕೇಳಿ ಕೊಟ್ಟರು. ಸದ್ದೇನೋ ನಿಂತಿತು, ಆದರೆ ಅಂದಿನಿಂದ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಆರುತ್ತಿಲ್ಲ. ಅಂಗಡಿಯವರು ವಾಪಸು ಪಡೆಯಲು ಒಪ್ಪುತ್ತಿಲ್ಲ. ತಪ್ಪು ಯಾರದು?
— ಓದುಗರೊಬ್ಬರು, ಹಾಸನ

ಉತ್ತರ: ಅಂಗಡಿಯವರದೇ ತಪ್ಪೆಂದು ಈಗಲೇ ತೀರ್ಮಾನಿಸಬೇಡಿ, ಮೊದಲು ಬೇರಿಂಗ್ ಬಂದ ಡಬ್ಬಿಯನ್ನು ಹುಡುಕಿ. ಎಬಿಎಸ್ ಇರುವ ಅನೇಕ ಕಾರುಗಳಲ್ಲಿ ಬೇರಿಂಗ್‌ನ ಒಂದು ಬದಿಯ ಸೀಲ್‌ನಲ್ಲಿ ಅಯಸ್ಕಾಂತದ ತೆಳುವಾದ ಉಂಗುರವಿದ್ದು, ಚಕ್ರ ತಿರುಗುವ ವೇಗವನ್ನು ಸೆನ್ಸರ್ ಅದರಿಂದಲೇ ತಿಳಿಯುತ್ತದೆ. ಆ ಉಂಗುರವಿಲ್ಲದ ಬೇರಿಂಗ್ ಕೂಡ ಒಳಸುತ್ತು, ಹೊರಸುತ್ತು, ಅಗಲ ಎಲ್ಲದರಲ್ಲೂ ಸರಿಹೊಂದಿ ಕುಳಿತುಕೊಳ್ಳಬಹುದು. ಡಬ್ಬಿಯ ಮೇಲಿನ ಪಾರ್ಟ್ ನಂಬರ್ ಎಬಿಎಸ್ ಇಲ್ಲದ ಮಾದರಿಯದಾಗಿದ್ದರೆ ತಪ್ಪು ಕೌಂಟರ್‌ನಲ್ಲಿ ಆಗಿದೆ. ಎಬಿಎಸ್ ಮಾದರಿಯದೇ ಆಗಿದ್ದರೆ, ಉಂಗುರದ ಬದಿ ಸೆನ್ಸರ್ ಕಡೆಗೆ ಬಾರದಂತೆ ತಿರುಗುಮುರುಗಾಗಿ ಕೂರಿಸಿರುವ ಇಲ್ಲವೇ ಸೆನ್ಸರ್ ವೈರಿಗೆ ಪೆಟ್ಟಾಗಿರುವ ಸಂಭವವೇ ಹೆಚ್ಚು. ಇನ್ನು ಕೆಲವು ಕಾರುಗಳಲ್ಲಿ ಈ ಕೆಲಸಕ್ಕೆ ಚಕ್ರವನ್ನು ತಿರುಗಿಸುವ ದಂಡದ (ಡ್ರೈವ್ ಶಾಫ್ಟ್) ಮೇಲೆ ಹಲ್ಲಿನ ಉಂಗುರವಿರುತ್ತದೆ. ಅಲ್ಲಿ ಬೇರಿಂಗ್‌ನ ಮೇಲೆ ಅನುಮಾನ ಪಡಬೇಕಿಲ್ಲ.

ಹೆಸರು, ಇಸವಿ ಎರಡನ್ನೇ ಹೇಳಿ ಇಂಥ ಭಾಗವನ್ನು ಕೊಳ್ಳಬಾರದು. ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕೂ ಮುಂಚಿನ ಎಷ್ಟೋ ಕಾರುಗಳಲ್ಲಿ ಅದೇ ಹೆಸರು, ಅದೇ ಇಸವಿಯ ಒಂದು ವೇರಿಯೆಂಟ್‌ಗೆ ಎಬಿಎಸ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಇಸವಿಯೂ ಮೋಸ ಮಾಡುತ್ತದೆ: ಜನವರಿಯಲ್ಲಿ ನೋಂದಣಿಯಾದ ಗಾಡಿ ಹಿಂದಿನ ವರ್ಷ ತಯಾರಾಗಿರಬಹುದು. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು ಬೇರೆಯಾಗಿಯೇ ನಮೂದಾಗಿರುತ್ತದೆ, ಅದನ್ನು ನೋಡಿ.

ಎಲ್ಲಕ್ಕಿಂತ ಭದ್ರವಾದದ್ದು 17 ಅಕ್ಷರ-ಅಂಕಿಗಳ ಚಾಸಿ ನಂಬರ್. ಅದನ್ನು ಕಂಪನಿಯ ಅಧಿಕೃತ ಪಾರ್ಟ್ಸ್ ಕೌಂಟರ್‌ನಲ್ಲಿ ಕೊಟ್ಟರೆ ನಿಮ್ಮ ಗಾಡಿಗೆ ಒಪ್ಪುವ ಪಾರ್ಟ್ ನಂಬರ್ ಹೇಳುತ್ತಾರೆ. ಹಳೆಯ ನಂಬರ್ ಬದಲಾಗಿ ಹೊಸದು ಬಂದಿದ್ದರೆ ಅದೂ ಅಲ್ಲೇ ತಿಳಿಯುತ್ತದೆ. ಫೋನಿನಲ್ಲಿ ಓದಿ ಹೇಳುವಾಗ ಒಂದು ವಿಷಯ ನೆನಪಿರಲಿ: ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದಿಲ್ಲವಾದ್ದರಿಂದ, ಗುಂಡಗೆ ಕಾಣುವುದೆಲ್ಲ ಸೊನ್ನೆಯೇ. ನನ್ನನ್ನು ಕೇಳಿದರೆ, ಫೋಟೊ ಕಳಿಸುವುದೇ ಲೇಸು.

ಹಳೆಯ ಭಾಗವನ್ನು ಜೊತೆಗೆ ಒಯ್ಯುವುದು ಒಳ್ಳೆಯದೇ, ಆದರೆ ಅದೊಂದನ್ನೇ ನಂಬಬೇಡಿ. ಹಿಂದಿನ ಮಾಲೀಕರು ಹಾಕಿಸಿದ್ದೇ ತಪ್ಪು ಭಾಗವಾಗಿರಬಹುದು, ಮೇಲಾಗಿ ವರ್ನಿಯರ್ ಹಿಡಿದು ಅಳೆದರೆ ಅಳತೆ ಸಿಗುತ್ತದೆಯೇ ಹೊರತು ಅಯಸ್ಕಾಂತ ಕಾಣುವುದಿಲ್ಲ. ಎಡ-ಬಲ ಬೇರೆಯಿರುವ ಭಾಗಗಳನ್ನು ಕೇಳುವಾಗ, ಸೀಟಿನಲ್ಲಿ ಕುಳಿತವರ ಎಡವೇ ಎಡ.

ವಾಪಸಿನ ವಿಚಾರ: ಬಿಲ್ಲಿನಲ್ಲಿ ಪಾರ್ಟ್ ನಂಬರನ್ನೂ ಗಾಡಿಯ ವೇರಿಯೆಂಟನ್ನೂ ಬರೆಸಿಕೊಂಡಿದ್ದರೆ ನಿಮ್ಮ ಮಾತಿಗೆ ಬಲವಿರುತ್ತಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಬಿಲ್ಲಿನಲ್ಲಿ ಬೇರೆ ಅವಧಿ ನಮೂದಿಸದಿದ್ದಲ್ಲಿ 30 ದಿನಗಳೊಳಗೆ ವಾಪಸು ಪಡೆಯಬೇಕೆಂದು ಹೇಳುವುದು ದೋಷಪೂರಿತ ಸರಕಿನ ಬಗ್ಗೆ. ಕೇಳಿದ್ದನ್ನೇ ಕೊಟ್ಟೆವೆಂದು ಅಂಗಡಿಯವರು ವಾದಿಸಿದರೆ ನಿಮ್ಮ ಹಾದಿ ಸುಲಭವಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಸದ್ಯಕ್ಕೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತಿದ್ದರೂ, ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಬಹುದು, ನಿಧಾನವಾಗಿ ಓಡಿಸಿ. ಸ್ಕ್ಯಾನರ್ ಹಾಕಿಸಿ ಯಾವ ಚಕ್ರದ ಸೆನ್ಸರ್ ದೂರು ಹೇಳುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಬೇರೆ ಬೇರಿಂಗ್ ಬೇಕೇಬೇಕೆಂದಾದರೆ, ಅದು ಕೈಗೆ ಬರುವ ತನಕ ಈಗಿನದನ್ನು ತೆಗೆಸಬೇಡಿ. ಪ್ರೆಸ್‌ನಲ್ಲಿ ಒತ್ತಿ ತೆಗೆದ ಬೇರಿಂಗನ್ನು ಮತ್ತೆ ಹಾಕುವಂತಿಲ್ಲ.