ಫ್ಯಾನು ತಿರುಗುತ್ತದೆ, ಹೊಗೆ ಹೋಗುವುದಿಲ್ಲ

ಪ್ರಶ್ನೆ: ನಮ್ಮ ಅಡುಗೆಮನೆಯಲ್ಲಿ ಕಿಟಕಿಯ ಮೇಲೆಯೇ 9 ಇಂಚಿನ ಎಕ್ಸಾಸ್ಟ್ ಫ್ಯಾನ್ ಇದೆ. ಅದು ತಿರುಗಿದರೂ ಹೊಗೆ ಹೊರಹೋಗುವುದಿಲ್ಲ. ಮಳೆಗಾಲದಲ್ಲಿ ಅದರ ಕಬ್ಬಿಣದ ಚೌಕಟ್ಟು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಏನು ಮಾಡಬೇಕು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಹೊಗೆಯ ಮಾತು ಆಮೇಲೆ; ಮೊದಲು ಎಂಸಿಬಿ (ವಿದ್ಯುತ್ ಬೋರ್ಡಿನ ಸುರಕ್ಷಾ ಸ್ವಿಚ್) ಆರಿಸಿ, ದುರಸ್ತಿಯಾಗುವವರೆಗೆ ಫ್ಯಾನನ್ನು ಬಳಸಬೇಡಿ. ತೇವದಿಂದ ಮೋಟರಿನಲ್ಲಿ ವಿದ್ಯುತ್ ಸೋರುತ್ತಿರಬಹುದು, ಅರ್ಥಿಂಗ್ ತಂತಿಯೂ ಕಡಿದಿರಬಹುದು ಅಥವಾ ಜೋಡಿಸಿಯೇ ಇರಲಿಕ್ಕಿಲ್ಲ. ಸ್ವಿಚ್ಚನ್ನು ವಿದ್ಯುತ್ ತರುವ ಫೇಸ್ ತಂತಿಗೆ ಬದಲು ಅದು ಮರಳುವ ನ್ಯೂಟ್ರಲ್ ತಂತಿಗೆ ಕೊಟ್ಟಿದ್ದರೆ, ಸ್ವಿಚ್ ಆರಿಸಿದ ಮೇಲೂ ಫ್ಯಾನಿನೊಳಗೆ ವಿದ್ಯುತ್ ಉಳಿದೇ ಇರುತ್ತದೆ. ಇವೆಲ್ಲವನ್ನೂ ನುರಿತ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ, ವಿದ್ಯುತ್ ಸೋರಿದರೆ ತಾನಾಗಿಯೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯನ್ನೂ ಹಾಕಿಸಿ. ಮಲೆನಾಡಿನ ಮಳೆಯಲ್ಲಿ ಆ ಖರ್ಚು ದಂಡವಲ್ಲ. ಹೊರಗಿನಿಂದ ತಂತಿ ತರುವುದಾದರೆ, ನೀರು ಅದರಗುಂಟ ಹರಿದು ಒಳಬರದಂತೆ ಸ್ವಲ್ಪ ಕೆಳಕ್ಕೆ ಬಾಗಿಸಿ ಮೇಲಕ್ಕೆ ಒಯ್ಯಬೇಕು.

ಇನ್ನು ಹೊಗೆಯ ವಿಚಾರ. ಫ್ಯಾನಿನ ಕೆಳಗಿನ ಕಿಟಕಿ ತೆರೆದಿದ್ದರೆ, ಫ್ಯಾನು ಒಲೆಯ ಹೊಗೆಯನ್ನು ಬಿಟ್ಟು ಕಿಟಕಿಯ ಗಾಳಿಯನ್ನೇ ಎಳೆದು ಹೊರಹಾಕುತ್ತದೆ. ಆ ಕಿಟಕಿ ಮುಚ್ಚಿ, ಎದುರಿನ ಬಾಗಿಲು ತೆರೆದಿಡಿ. ಅಲಗುಗಳಿಗೆ ಮೆತ್ತಿದ ಎಣ್ಣೆಜಿಡ್ಡನ್ನು ತಿಂಗಳಿಗೊಮ್ಮೆ, ವಿದ್ಯುತ್ ಕಡಿತಗೊಳಿಸಿ, ಸೋಪುನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಮೋಟರಿಗೆ ನೀರು ತಾಗಬಾರದು.