ಮಗಳು ಕೊಡಿಸುವ ಸ್ಮಾರ್ಟ್ ನೀ ಕ್ಯಾಪ್

ನಿಮ್ಮ ಪತ್ರ ಓದಿದೆ. ವಯಸ್ಸು 68, ಮೆಟ್ಟಿಲಿಳಿಯುವಾಗ ಮಂಡಿ ನೋವು. ಸೆನ್ಸರ್ ಇರುವ ನೀ ಕ್ಯಾಪ್, ಅಂದರೆ ಮಂಡಿಗೆ ತೊಡುವ ಬಟ್ಟೆಯ ಪಟ್ಟಿ, ಕೊಡಿಸುತ್ತೇನೆ ಅಂತ ಮಗಳು ಹಟ ಹಿಡಿದಿದ್ದಾಳೆ. 'ಮಂಡಿ ಎಷ್ಟು ಸವೆದಿದೆ ಅಂತ ಅದು ಹೇಳುತ್ತದಾ, ಅಥವಾ ಸುಮ್ನೆ ದುಡ್ಡು ದಂಡವಾ?' ಎಂದು ಕೇಳಿದ್ದೀರಿ.

ಸವೆತವನ್ನು ಅದು ಹೇಳುವುದಿಲ್ಲ. ಎಕ್ಸ್-ರೇಯಲ್ಲೂ ಮೂಳೆ ತುದಿಯ ಮೆತ್ತೆ ನೇರವಾಗಿ ಕಾಣುವುದಿಲ್ಲ. ಮೂಳೆಗಳ ನಡುವಿನ ಸಂದು ಕಿರಿದಾಗಿದೆಯಾ ಅಂತ ವೈದ್ಯರು ನೋಡುತ್ತಾರೆ. ಇನ್ನು ಬಟ್ಟೆಗೆ ಹೇಗೆ ಕಾಣಬೇಕು?

ಅದಕ್ಕೆ ಗೊತ್ತಾಗುವುದು ಚಲನೆ. ಕೆಲವದರಲ್ಲಿ ಬೆಳ್ಳಿ ಲೇಪಿಸಿದ ನೈಲಾನ್ ನೂಲು ಹೆಣೆದಿರುತ್ತಾರೆ. ಮಂಡಿ ಬಾಗಿದಾಗ ಹೆಣಿಗೆ ಹಿಗ್ಗಿ, ನೂಲಿನ ವಿದ್ಯುತ್ ತಡೆ ಬದಲಾಗುತ್ತದೆ. ಅದರಿಂದ ಎಷ್ಟು ಡಿಗ್ರಿ ಬಾಗಿತು ಅಂತ ಲೆಕ್ಕ. ಇನ್ನು ಕೆಲವದರಲ್ಲಿ ತೊಡೆಗೊಂದು, ಮಂಡಿ ಕೆಳಗೊಂದು ಪುಟ್ಟ ಚಿಪ್. ಮೊಬೈಲ್ ಅಡ್ಡ ಹಿಡಿದರೆ ಪರದೆ ತಿರುಗುತ್ತದಲ್ಲ, ಅದೇ ಜಾತಿಯದು. ಚರ್ಮಕ್ಕೆ ತಾಗುವ ಎಲೆಕ್ಟ್ರೋಡ್ (ವಿದ್ಯುತ್ ಹಿಡಿಯುವ ಬಿಲ್ಲೆ) ಇದ್ದರೆ ಸ್ನಾಯು ಬಿಗಿಯಾದಾಗ ಹುಟ್ಟುವ ವಿದ್ಯುತ್ತೂ ಸಿಗುತ್ತದೆ. ಆದರೆ ಅದು ವೋಲ್ಟಿನ ಸಾವಿರದ ಕೆಲವೇ ಭಾಗ. ಎಲೆಕ್ಟ್ರೋಡ್ ಚರ್ಮಕ್ಕೆ ಅಂಟಿ ಕೂರದಿದ್ದರೆ ಸಿಗುವುದು ಬರೀ ಅರ್ಥವಿಲ್ಲದ ಏರಿಳಿತ.

ಇಂಥದೊಂದನ್ನು ನಾನೂ ಹಾಕಿ ನೋಡಿದೆ. ಬೆಳಿಗ್ಗೆ ಕುರ್ಚಿಯಲ್ಲಿ ಕೂತಾಗ 90 ಡಿಗ್ರಿ ತೋರಿಸಿತು. ಮಧ್ಯಾಹ್ನಕ್ಕೆ ಎರಡು ಬೆರಳಷ್ಟು ಜಾರಿತ್ತು. ಅದೇ ಕುರ್ಚಿ, ಅದೇ ಮಂಡಿ, 74 ಡಿಗ್ರಿ! ಎಳೆದು ಸರಿಮಾಡಿದರೆ ಮತ್ತೆ 88. ಇನ್ನೊಂದು ತಮಾಷೆ. ಎರಡೂ ಕೈ ತೊಡೆಗೆ ಊರಿ, 'ಅಮ್ಮಾ' ಅಂತ ಎದ್ದರೂ ಆ್ಯಪ್ ಒಂದು ಸಲ ಎದ್ದ ಲೆಕ್ಕವನ್ನೇ ಬರೆದುಕೊಂಡಿತು. ಕೈ ಊರಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ.

ಹಾಗಂತ ದಂಡ ಅನ್ನಲಾರೆ. ಮಂಡಿ ಬದಲಿಸುವ ಆಪರೇಷನ್ ಆದವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಕ್ಲಿನಿಕ್‌ನಲ್ಲಿ ಎಲ್ಲರೂ ಚೆನ್ನಾಗೇ ನಡೆದು ತೋರಿಸುತ್ತಾರೆ, ಅಲ್ವಾ? ಮನೆಯಲ್ಲಿ ಎಷ್ಟು ನಡೆದರು, ವ್ಯಾಯಾಮ ನಿಜಕ್ಕೂ ಮಾಡಿದರಾ ಅನ್ನುವುದು ಫಿಸಿಯೋಗೆ ಬೇಕು. ಆಗಲೂ ಒಂದು ದಿನದ ಅಂಕಿ ಹಿಡಿದು ಕೂರಬಾರದು, ಐದಾರು ವಾರದ ಏರಿಳಿತ ನೋಡಬೇಕು.

ನಿಮಗೆ ಆಪರೇಷನ್ ಆಗಿಲ್ಲ. ನನಗೆ ನಿಮ್ಮ ಮಂಡಿಗಿಂತ ತೊಡೆಯ ಸ್ನಾಯುವಿನ ಚಿಂತೆ ಜಾಸ್ತಿ. ವಯಸ್ಸಾದಂತೆ ಸ್ನಾಯು ಕರಗಿ ಬಲ ಕುಗ್ಗುವುದಕ್ಕೆ ಸಾರ್ಕೋಪೀನಿಯಾ ಅನ್ನುತ್ತಾರೆ. ಅದರ ಮೊದಲ ಸುಳಿವಿಗೆ ಕುರ್ಚಿಯೇ ಸಾಕು. ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೂತು, ಕೈ ಎದೆಗೆ ಕಟ್ಟಿ, ಐದು ಸಲ ಬೇಗ ಬೇಗ ಎದ್ದು ಕೂರಿ. ಮಗಳು ಪಕ್ಕದಲ್ಲೇ ನಿಂತು ಸಮಯ ನೋಡಲಿ. ನೋವು ಜಾಸ್ತಿಯಾದರೆ ಅಲ್ಲಿಗೇ ಬಿಟ್ಟುಬಿಡಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಇಟ್ಟ ಗಡಿ 12 ಸೆಕೆಂಡ್. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ವೈದ್ಯರನ್ನು ನೋಡಿ. ಮಂಡಿ ನೋವಿನಿಂದಲೂ ತಡವಾಗಬಹುದು, ಅದನ್ನೂ ಅವರಿಗೆ ಹೇಳಿ.

ಅದಾದ ಮೇಲೂ ನೀ ಕ್ಯಾಪ್ ಬೇಕೆನಿಸಿದರೆ ತಗೊಳ್ಳಿ, ಮಗಳ ಮನಸ್ಸು ಯಾಕೆ ನೋಯಿಸಬೇಕು. ಎಷ್ಟು ಸಲ ಒಗೆಯಬಹುದು ಅಂತ ಮಾತ್ರ ಮೊದಲೇ ಕೇಳಿ. ಒಗೆದ ಹಾಗೆಲ್ಲ ಆ ಬೆಳ್ಳಿ ಲೇಪ ಸವೆಯುತ್ತದೆ.